ಹದಿನಾಲ್ಕು ಪಂದ್ಯಗಳ ಮಹಿಳಾ ಲೀಗ್‌ಗೆ ತಂಡ ಕಟ್ಟುವುದು, ಉಳಿಸಿಕೊಳ್ಳುವುದು

ಪ್ರಶ್ನೆ: ನಮ್ಮದು ಕರ್ನಾಟಕದ ಒಂದು ಸಣ್ಣ ಫುಟ್‌ಬಾಲ್ ಕ್ಲಬ್. ಮಹಿಳಾ ತಂಡ ರಾಜ್ಯ ಲೀಗ್ ಆಡುತ್ತಿದೆ. ಇಂಡಿಯನ್ ವಿಮೆನ್ಸ್ ಲೀಗ್‌ನ ಎರಡನೇ ಹಂತಕ್ಕೆ ಹೋಗಿ, ಅಲ್ಲಿಂದ ಮುಖ್ಯ ಲೀಗ್‌ಗೆ ಏರಬೇಕು ಎಂಬುದು ಗುರಿ. ಕಳೆದ ಬಾರಿ ಮೊದಲ ನಾಲ್ಕೈದು ಪಂದ್ಯ ಗೆದ್ದೆವು, ಆಮೇಲೆ ಸಾಲಾಗಿ ಸೋತೆವು. ಇಬ್ಬರಿಗೆ ಮಂಡಿ ಪೆಟ್ಟಾಯಿತು. ಕೊನೆಯ ಅರ್ಧ ಗಂಟೆ ಹುಡುಗಿಯರಿಗೆ ಓಡಲು ಆಗುತ್ತಿರಲಿಲ್ಲ. ಇಡೀ ಸೀಸನ್ನಿಗೆ ಹೇಗೆ ಯೋಜನೆ ಹಾಕಬೇಕು? ದುಡ್ಡು ಕಡಿಮೆ ಇದೆ.

ಉತ್ತರ: ನೀವು ಹೇಳಿದ ಮೂರು ತೊಂದರೆಗಳ ಬೇರು ಬಹುಮಟ್ಟಿಗೆ ಒಂದೇ. ಹನ್ನೊಂದು ಹನ್ನೆರಡು ಜನರ ಮೇಲೆಯೇ ಇಡೀ ಸೀಸನ್ ಹೊರಿಸಿದ್ದೀರಿ, ಆ ಭಾರ ತಡೆಯುವಷ್ಟು ಸಿದ್ಧತೆಯ ವಾರಗಳು ಅವರಿಗೆ ಸಿಕ್ಕಿಲ್ಲ. ಲೀಗ್‌ನಲ್ಲಿ ಮೊದಲ ಐದು ಪಂದ್ಯವನ್ನು ಹುರುಪಿನಿಂದ ಗೆಲ್ಲಬಹುದು. ಆರರಿಂದ ಹನ್ನೊಂದರವರೆಗಿನ ಪಂದ್ಯಗಳನ್ನು ಗೆಲ್ಲಿಸುವುದು ಬೆಂಚಿನಲ್ಲಿರುವ ಆಟಗಾರ್ತಿಯರ ತಯಾರಿ. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಲೆಕ್ಕ ಮತ್ತು ಶಿಸ್ತು ಬೇಕು.

ಮೊದಲು ಲೀಗ್‌ನ ಸ್ವರೂಪ ತಿಳಿದುಕೊಳ್ಳಿ, ಯಾಕೆಂದರೆ ಯೋಜನೆ ನಿಲ್ಲುವುದು ಅದರ ಮೇಲೆ. 2016-17ರ ಮೊದಲ ಆವೃತ್ತಿಯ ಅಂತಿಮ ಸುತ್ತಿನಲ್ಲಿ ಇದ್ದದ್ದು ಆರೇ ತಂಡ, ಎಲ್ಲ ಪಂದ್ಯ ದೆಹಲಿಯಲ್ಲಿ. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಗೆದ್ದಿತು. ಬಹಳ ವರ್ಷ ಅದು ಹೀಗೆ ಒಂದೇ ಊರಿನಲ್ಲಿ ಕೆಲವೇ ವಾರಗಳಲ್ಲಿ ಮುಗಿಯುವ ಟೂರ್ನಿಯಾಗಿತ್ತು. 2022-23ರಲ್ಲೂ ಹದಿನಾರು ತಂಡಗಳು ಅಹಮದಾಬಾದಿನಲ್ಲಿ ಸೇರಿ ಆಡಿದವು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಫೈನಲ್ ತಲುಪಿ ಗೋಕುಲಂ ಕೇರಳಕ್ಕೆ 0-5ರಿಂದ ಸೋತದ್ದು ಆ ವರ್ಷವೇ. ತವರು ಮತ್ತು ಎದುರಾಳಿ ಅಂಗಣ ಎರಡರಲ್ಲೂ ಆಡುವ ಪದ್ಧತಿ ಬಂದದ್ದು 2023-24ರಲ್ಲಿ: ಏಳು ತಂಡ, ಒಬ್ಬೊಬ್ಬರಿಗೆ ಹನ್ನೆರಡು ಪಂದ್ಯ. 2024-25ರಲ್ಲಿ ಎಂಟು ತಂಡ, ಹದಿನಾಲ್ಕು ಪಂದ್ಯ. ಆ ವರ್ಷ ಈಸ್ಟ್ ಬೆಂಗಾಲ್ ಚಾಂಪಿಯನ್ ಆಯಿತು. ಹಿಂದಿನ ವರ್ಷವಷ್ಟೇ ಪ್ರಶಸ್ತಿ ಗೆದ್ದಿದ್ದ ಒಡಿಶಾ ಎಫ್‌ಸಿ ಹಾಪ್ಸ್ ಎಫ್‌ಸಿ ಜೊತೆ ಕೆಳಗಿನ ಹಂತಕ್ಕೆ ಇಳಿಯಿತು. ಎಂಟರಲ್ಲಿ ಎರಡು ಇಳಿಯುವುದೆಂದರೆ ಲೀಗ್‌ನ ಕಾಲು ಭಾಗ. ಒಂದು ಕೆಟ್ಟ ತಿಂಗಳನ್ನು ಸರಿದೂಗಿಸಲು ಇಂಥ ಲೀಗ್‌ನಲ್ಲಿ ಪಂದ್ಯಗಳೇ ಉಳಿದಿರುವುದಿಲ್ಲ.

ನಿಮ್ಮ ಎದುರಿಗೆ ಎರಡು ಬಗೆಯ ಸವಾಲು ಬರುತ್ತವೆ. ಎರಡು ಮೂರು ದಿನಕ್ಕೊಂದು ಪಂದ್ಯವಿರುವ ಒಂದೇ ಊರಿನ ಸುತ್ತಿನಲ್ಲಿ ಮೈ ಚೇತರಿಸಿಕೊಳ್ಳುವುದೇ ಮುಖ್ಯ. ತಿಂಗಳುಗಟ್ಟಲೆ ಹರಡಿದ ಲೀಗ್‌ನಲ್ಲಿ ಪ್ರಯಾಣ, ವಾರದ ತಾಲೀಮಿನ ಹದ, ತಂಡದ ಆಳ ಮುಖ್ಯ. ವೇಳಾಪಟ್ಟಿ ಕೈಗೆ ಬಂದ ದಿನವೇ ನಿಮ್ಮದು ಯಾವ ಬಗೆ ಎಂದು ಗುರುತಿಸಿಕೊಳ್ಳಿ.

ಇನ್ನು ಅಂಕಗಳ ಲೆಕ್ಕ. ಎಂಟು ತಂಡ ಎರಡೆರಡು ಸಲ ಎದುರಾದರೆ ಒಟ್ಟು 56 ಪಂದ್ಯ, ಒಂದು ತಂಡ ಗಳಿಸಬಹುದಾದ ಗರಿಷ್ಠ 42 ಅಂಕ. ನಾಲ್ಕು ಗೆಲುವು, ಎರಡು ಡ್ರಾ, ಎಂಟು ಸೋಲು ಕಂಡ ತಂಡಕ್ಕೆ 14 ಅಂಕ. ಎರಡೇ ಗೆಲುವು, ಎಂಟು ಡ್ರಾ, ನಾಲ್ಕು ಸೋಲು ಕಂಡ ತಂಡಕ್ಕೂ 14. ಎರಡನೆಯ ತಂಡ ಅರ್ಧದಷ್ಟೇ ಸಲ ಸೋತಿದ್ದರೂ ಒಂದಂಕವೂ ಮುಂದಿಲ್ಲ. ಹೊಸದಾಗಿ ಏರಿದ ತಂಡಗಳು ಇಲ್ಲೇ ಎಡವುತ್ತವೆ: ಎಲ್ಲ ಪಂದ್ಯಕ್ಕೂ ಒಂದೇ ತೂಕ ಕೊಟ್ಟು, ಬಲಿಷ್ಠ ತಂಡದ ಎದುರು ಡ್ರಾಕ್ಕಾಗಿ ಜೀವ ತೇಯ್ದು, ಮೂರು ದಿನದ ಮೇಲೆ ತಮ್ಮ ಮಟ್ಟದ ತಂಡಕ್ಕೆ ಸೋಲುತ್ತವೆ. ಅಂಕಪಟ್ಟಿಯ ಕೆಳಗಿನ ನಾಲ್ಕರಲ್ಲಿ ನೀವೊಬ್ಬರು ಎಂದಿಟ್ಟುಕೊಂಡರೆ ಉಳಿದ ಮೂರು ತಂಡಗಳ ಜೊತೆ ಆರು ಪಂದ್ಯ, 18 ಅಂಕ. ಆ ಆರು ದಿನಾಂಕಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಯಾರಿಗೆ ಯಾವಾಗ ವಿಶ್ರಾಂತಿ ಎಂಬುದನ್ನು ಅವುಗಳಿಂದ ಹಿಂದಕ್ಕೆ ಎಣಿಸಿ ತೀರ್ಮಾನಿಸಿ. ಅಂಕ ಸಮವಾದಾಗ ಯಾವುದನ್ನು ಮೊದಲು ನೋಡುತ್ತಾರೆ, ಪರಸ್ಪರ ಪಂದ್ಯಗಳ ಫಲಿತಾಂಶವೋ ಒಟ್ಟು ಗೋಲು ವ್ಯತ್ಯಾಸವೋ, ಎಂಬುದನ್ನು ಆ ವರ್ಷದ ನಿಯಮಪುಸ್ತಕದಲ್ಲಿ ಮೊದಲೇ ಓದಿಕೊಳ್ಳಿ. 0-2ರ ಹಿನ್ನಡೆಯಲ್ಲಿರುವಾಗ ಕೊನೆಯ ಹತ್ತು ನಿಮಿಷ ಎಲ್ಲರನ್ನೂ ಮುಂದಕ್ಕೆ ಕಳಿಸಬೇಕೇ ಬೇಡವೇ ಎಂಬುದು ಇದನ್ನು ಅವಲಂಬಿಸಿದೆ.

ತಂಡದ ಗಾತ್ರ 23ರಿಂದ 25 ಇರಲಿ: ಮೂವರು ಗೋಲ್‌ಕೀಪರ್, ಪ್ರತಿ ಸ್ಥಾನಕ್ಕೂ ಇಬ್ಬರು, ಮೇಲೆ ಎರಡು ಮೂರು ಸ್ಥಾನಗಳಲ್ಲಿ ಆಡಬಲ್ಲ ಒಂದಿಬ್ಬರು. ಮೂರನೇ ಗೋಲ್‌ಕೀಪರ್ ದುಂದು ಎನಿಸಬಹುದು. ಆದರೆ ಬೆರಳು ಮುರಿಯುವುದು, ರಾಷ್ಟ್ರೀಯ ಶಿಬಿರಕ್ಕೆ ಕರೆ ಬರುವುದು, ಪರೀಕ್ಷೆ ಎದುರಾಗುವುದು, ಇವುಗಳಲ್ಲಿ ಎರಡು ಒಟ್ಟಿಗೆ ಬಂದರೆ ಡಿಫೆಂಡರಿಗೆ ಗ್ಲೌಸ್ ತೊಡಿಸಬೇಕಾಗುತ್ತದೆ. ವಿದೇಶಿ ಸ್ಟ್ರೈಕರ್ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಆ ಮಾತು ಬಂದೇ ಬರುತ್ತದೆ. 2024-25ರಲ್ಲಿ ಉಗಾಂಡದ ಫಜಿಲಾ ಇಕ್ವಾಪುಟ್ ಗೋಕುಲಂ ಕೇರಳ ಪರ 24 ಗೋಲು ಹೊಡೆದರು. ಒಳ್ಳೆಯ ಫಿನಿಷರ್ ಒಬ್ಬಳು ಲೀಗ್‌ನ ದಿಕ್ಕನ್ನೇ ಬದಲಿಸಬಲ್ಲಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಸಣ್ಣ ಕ್ಲಬ್ಬಿನ ದುಡ್ಡು ಮೊದಲು ಹೋಗಬೇಕಾದದ್ದು ಫಿಸಿಯೋಗೆ. ಹದಿನಾಲ್ಕರಲ್ಲಿ ಹನ್ನೆರಡು ಪಂದ್ಯಕ್ಕೆ ಸಿಗುವ ಸಾಧಾರಣ ಆಟಗಾರ್ತಿಯರು, ಐದೇ ಪಂದ್ಯಕ್ಕೆ ಸಿಗುವ ತಾರೆಗಿಂತ ಹೆಚ್ಚು ಅಂಕ ತರುತ್ತಾರೆ.

ಸೀಸನ್ ಪೂರ್ವದ ತಯಾರಿಗೆ ಎಂಟು ವಾರ ಬೇಕು, ಆರಕ್ಕಿಂತ ಕಡಿಮೆಯಂತೂ ಬೇಡ. ಮೊದಲ ಎರಡು ವಾರ ಹಗುರ ಓಟ, ತಂತ್ರದ ಅಭ್ಯಾಸ, ವ್ಯಾಯಾಮಗಳ ಸರಿಯಾದ ಭಂಗಿ ಕಲಿಯುವುದು. ಮೂರರಿಂದ ಐದನೇ ವಾರದವರೆಗೆ ಸ್ನಾಯುಬಲ ಮತ್ತು ಚಿಕ್ಕ ಅಂಗಣದ ಆಟ, ನಾಲ್ಕಕ್ಕೆ ನಾಲ್ಕು, ಐದಕ್ಕೆ ಐದು. ಆರು ಏಳನೇ ವಾರ ಪೂರ್ಣ ವೇಗದ ಓಟ ಮತ್ತು ಅಭ್ಯಾಸ ಪಂದ್ಯಗಳು. ಇವುಗಳಲ್ಲಿ ಪ್ರತಿಯೊಬ್ಬರೂ 45 ನಿಮಿಷದಿಂದ ಶುರುಮಾಡಿ 60, 75, 90ಕ್ಕೆ ಏರಬೇಕು. ಎಂಟನೇ ವಾರ ಭಾರ ಇಳಿಸಿ. ಹೆಚ್ಚಿನವರು ಮಾಡುವ ತಪ್ಪೆಂದರೆ ಮೊದಲ ದಿನವೇ ಮೈದಾನದ ಸುತ್ತ ಹತ್ತು ಸುತ್ತು, ಮೆಟ್ಟಿಲು ಹತ್ತಿಸುವುದು, ವಾರದೊಳಗೆ ಮೊಳಕಾಲಿನ ಮೂಳೆ ನೋವು ತರಿಸುವುದು.

ಮಂಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮಹಿಳಾ ಫುಟ್‌ಬಾಲಿನಲ್ಲಿ ಇದಕ್ಕಿಂತ ದುಬಾರಿ ಗಾಯ ಬೇರೆ ಇಲ್ಲ. ಮಂಡಿಯೊಳಗಿನ ಎಸಿಎಲ್ ಎಂಬ ಬಂಧಕ ಹರಿಯುವ ಅಪಾಯ ಪುರುಷರಿಗಿಂತ ಮಹಿಳೆಯರಿಗೆ ಎರಡರಿಂದ ಮೂರು ಪಟ್ಟು ಹೆಚ್ಚು. ಹೆಚ್ಚಿನ ಸಲ ಯಾರೂ ಗುದ್ದಿರುವುದಿಲ್ಲ. ಓಡುತ್ತಾ ಗಕ್ಕನೆ ನಿಂತಾಗ, ದಿಕ್ಕು ಬದಲಿಸಿದಾಗ, ಹೆಡ್ ಮಾಡಿ ಒಂಟಿ ಕಾಲಿನ ಮೇಲೆ ಇಳಿದಾಗ ಮಂಡಿ ಒಳಕ್ಕೆ ವಾಲುತ್ತದೆ, ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಬಂಧಕ ಹರಿಯುತ್ತದೆ. ಇದನ್ನು ತಡೆಯಲು ಫಿಫಾ 11 ಪ್ಲಸ್ ಎಂಬ ವಾರ್ಮ್‌ಅಪ್ ಇದೆ. ಯಂತ್ರ ಬೇಡ, ಚೆಂಡು ಮತ್ತು ಕೋನ್ ಸಾಕು, ಒಟ್ಟು 20 ನಿಮಿಷ, 15 ವ್ಯಾಯಾಮ. ಮೊದಲ 8 ನಿಮಿಷ ನಿಧಾನ ಓಟದ ಆರು ಬಗೆಗಳು. ನಂತರ 10 ನಿಮಿಷ ಬಲ, ಸಮತೋಲನ, ಜಿಗಿತ: ಪ್ಲಾಂಕ್, ಪಕ್ಕದ ಪ್ಲಾಂಕ್, ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ಮಂಡಿಯೂರಿ, ಜೊತೆಗಾರ್ತಿ ಪಾದ ಹಿಡಿದಿರುವಾಗ ನಿಧಾನಕ್ಕೆ ಮುಂದಕ್ಕೆ ಬಾಗುವುದು), ಒಂಟಿ ಕಾಲಿನ ನಿಲುವು, ಸ್ಕ್ವಾಟ್, ಜಿಗಿತ. ಕೊನೆಯ 2 ನಿಮಿಷ ವೇಗದ ಓಟ ಮತ್ತು ದಿಕ್ಕು ಬದಲಾವಣೆ. ಪಂದ್ಯದ ದಿನ ನಡುವಿನ ಭಾಗ ಬಿಟ್ಟು ಮೊದಲನೆಯದು ಮತ್ತು ಮೂರನೆಯದನ್ನಷ್ಟೇ ಮಾಡಿಸಿ. ನಾರ್ವೆಯಲ್ಲಿ ಹದಿಹರೆಯದ ಆಟಗಾರ್ತಿಯರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಿದ್ದವು.

ಇದು ಫಲ ಕೊಡದಿರುವುದಕ್ಕೆ ಎರಡು ಕಾರಣ. ಒಂದು, ವಾರಕ್ಕೊಮ್ಮೆ ಮಾಡಿ ಬಿಡುವುದು. ಕನಿಷ್ಠ ಎರಡು ಸಲ, ಸಾಧ್ಯವಾದರೆ ಮೂರು ಸಲ ಬೇಕು, ಸೀಸನ್ ಮುಗಿಯುವವರೆಗೂ. ಎರಡನೆಯದು, ಲೆಕ್ಕ ಮುಗಿಸುವ ಆತುರ. ಕೋಚ್ ಆಟಗಾರ್ತಿಯ ಎದುರಿಗೆ ನಿಂತು ಮಂಡಿ ನೋಡಬೇಕು. ಸ್ಕ್ವಾಟ್‌ನಲ್ಲಾಗಲಿ ಜಿಗಿದು ಇಳಿಯುವಾಗಲಾಗಲಿ ಸೊಂಟ, ಮಂಡಿ, ಪಾದ ಒಂದೇ ಗೆರೆಯಲ್ಲಿರಬೇಕು. ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ಬಾಗಿದರೆ ಅಲ್ಲೇ ನಿಲ್ಲಿಸಿ, ಮೇಲಿನ ಹಂತಕ್ಕೆ ಕಳಿಸಬೇಡಿ. ಶೂ ಕೂಡ ನೋಡಿ. ಹುಲ್ಲು ಮೈದಾನದ ಉದ್ದನೆಯ ಸ್ಟಡ್ ಹಾಕಿಕೊಂಡು ಕೃತಕ ಟರ್ಫ್ ಮೇಲೆ ತಿರುಗಿದರೆ ಪಾದ ಸಿಕ್ಕಿಹಾಕಿಕೊಳ್ಳುತ್ತದೆ. ಟರ್ಫ್‌ಗೆ ಗಿಡ್ಡ, ಹೆಚ್ಚು ಸಂಖ್ಯೆಯ ಸ್ಟಡ್ ಇರುವ ಶೂ ಬೇಕು. ಪೆಟ್ಟಾದ ಆ ಇಬ್ಬರಿಗೆ ಎಸಿಎಲ್ ಶಸ್ತ್ರಚಿಕಿತ್ಸೆ ಆಗಿದ್ದರೆ ಒಂಬತ್ತು ತಿಂಗಳೊಳಗೆ ಪಂದ್ಯಕ್ಕೆ ಇಳಿಸಬೇಡಿ. ಅದಾದ ಮೇಲೂ ಎರಡೂ ಕಾಲಿನ ಬಲ, ಒಂಟಿ ಕಾಲಿನ ಜಿಗಿತದ ದೂರ ಅಳೆದು, ಪೆಟ್ಟಾದ ಕಾಲು ಇನ್ನೊಂದರ ಶೇಕಡಾ 90ನ್ನಾದರೂ ಮುಟ್ಟಿದೆಯೇ ಎಂದು ಫಿಸಿಯೋ ಹೇಳಬೇಕು. "ನೋವಿಲ್ಲ ಸರ್, ಆಡ್ತೀನಿ" ಎಂಬ ಮಾತು ಸಾಲದು.

ಈಗ ಆರನೇ ಪಂದ್ಯದಿಂದ ಕುಸಿದದ್ದು ಯಾಕೆ ಎಂಬುದಕ್ಕೆ ಬರೋಣ. ತಾಲೀಮು ಮುಗಿದು ಅರ್ಧ ಗಂಟೆಯ ನಂತರ ಪ್ರತಿಯೊಬ್ಬರನ್ನೂ ಕೇಳಿ: ಎಷ್ಟು ಕಷ್ಟವಾಯಿತು, ಒಂದರಿಂದ ಹತ್ತರಲ್ಲಿ ಹೇಳು. ಆ ಸಂಖ್ಯೆಯನ್ನು ನಿಮಿಷಗಳಿಂದ ಗುಣಿಸಿ ಪುಸ್ತಕದಲ್ಲಿ ಬರೆದಿಡಿ. ಮಂಗಳವಾರ 75 ನಿಮಿಷ, ಕಷ್ಟ 5: 375. ಬುಧವಾರ 80 ನಿಮಿಷ, ಕಷ್ಟ 7: 560. ಗುರುವಾರ 60 ನಿಮಿಷ, 4: 240. ಶುಕ್ರವಾರ 45 ನಿಮಿಷ, 2: 90. ಶನಿವಾರ ಪಂದ್ಯ, 90 ನಿಮಿಷ, 8: 720. ವಾರದ ಮೊತ್ತ 1985. ಅದೇ ವಾರ ಬದಲಿಯಾಗಿ 15 ನಿಮಿಷವಷ್ಟೇ ಆಡಿ ಕಷ್ಟ 6 ಎಂದವಳ ಪಂದ್ಯದ ಲೆಕ್ಕ 90, ಮೊತ್ತ 1355. ವ್ಯತ್ಯಾಸ 630. ಐದು ವಾರ ಹೀಗೆ ನಡೆದರೆ ಬೆಂಚಿನವಳ ದೇಹ 90 ನಿಮಿಷದ ಪಂದ್ಯವನ್ನು ಮರೆತಿರುತ್ತದೆ. ಆರನೇ ವಾರ ಯಾರೋ ಗಾಯಗೊಂಡರು ಎಂದು ಅವಳನ್ನು ಪೂರ್ಣ ಪಂದ್ಯಕ್ಕೆ ಇಳಿಸಿದರೆ 70ನೇ ನಿಮಿಷಕ್ಕೆ ತೊಡೆಯ ಹಿಂಭಾಗ ಹಿಡಿದು ಕೂರುತ್ತಾಳೆ. ಎಲ್ಲ ಪಂದ್ಯ ಆಡಿದವಳು ಇನ್ನೊಂದು ಕಡೆ ಸವೆದುಹೋಗಿರುತ್ತಾಳೆ. ನಿಮ್ಮ ತಂಡದಲ್ಲಿ ಎರಡೂ ಒಟ್ಟಿಗೆ ಆಗಿರುವಂತೆ ಕಾಣುತ್ತದೆ.

ಇದಕ್ಕೆ ಪರಿಹಾರ: ಪಂದ್ಯದ ಮರುದಿನ ಪೂರ್ತಿ ಆಡಿದವರಿಗೆ 20 ನಿಮಿಷ ಹಗುರ ಸೈಕಲ್ ಅಥವಾ ನಡಿಗೆ. ಆಡದವರಿಗೆ ಮತ್ತು 30 ನಿಮಿಷಕ್ಕಿಂತ ಕಡಿಮೆ ಆಡಿದವರಿಗೆ ಅದೇ ದಿನ 40 ನಿಮಿಷದ ಗಟ್ಟಿ ತಾಲೀಮು: ನಾಲ್ಕಕ್ಕೆ ನಾಲ್ಕರ ಆಟ ನಾಲ್ಕು ಸುತ್ತು, ಆಮೇಲೆ 30 ಮೀಟರಿನ ಪೂರ್ಣ ವೇಗದ ಓಟ ಆರರಿಂದ ಎಂಟು, ನಡುವೆ ಪೂರ್ತಿ ವಿಶ್ರಾಂತಿ. ಎರಡನೇ ದಿನ ಎಲ್ಲರಿಗೂ ರಜೆ. ಮುಂದಿನ ಪಂದ್ಯಕ್ಕೆ ನಾಲ್ಕು ಮತ್ತು ಮೂರು ದಿನ ಮೊದಲು ವಾರದ ಭಾರದ ಕೆಲಸ, ಹಿಂದಿನ ದಿನ 45 ನಿಮಿಷ ಸೆಟ್ ಪೀಸ್, ಅಂದರೆ ಕಾರ್ನರ್, ಫ್ರೀಕಿಕ್‌ಗಳ ಅಭ್ಯಾಸ. ವಾರಕ್ಕೆ ಎರಡು ಪಂದ್ಯ ಬಂದರೆ ನಡುವೆ ಓಡಿಸಲೇಬೇಡಿ. ಸ್ನಾಯುಬಲದ ಅಭ್ಯಾಸ ಮಾತ್ರ ಸೀಸನ್ ಉದ್ದಕ್ಕೂ ನಿಲ್ಲಬಾರದು. ವಾರಕ್ಕೊಮ್ಮೆಯಾದರೂ 30 ನಿಮಿಷ, ಅದರಲ್ಲಿ ನಾರ್ಡಿಕ್ ಐದೈದರಂತೆ ಎರಡು ಸೆಟ್.

ಪಂದ್ಯದೊಳಗೂ ಭಾರ ಹಂಚಬಹುದು. ಐದು ಬದಲಾವಣೆಗೆ ಅವಕಾಶವಿದ್ದರೆ ಅವನ್ನು ಮೂರು ನಿಲುಗಡೆಗಳಲ್ಲಿ ಮುಗಿಸಬೇಕು, ವಿರಾಮದಲ್ಲಿ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಪೂರ್ಣ ವೇಗದಲ್ಲಿ ಹೆಚ್ಚು ಓಡುವವರು ವಿಂಗರ್‌ಗಳು, ಅಂದರೆ ಅಂಗಣದ ಎರಡು ಅಂಚುಗಳಲ್ಲಿ ಆಡುವವರು. 60ನೇ ನಿಮಿಷದ ಆಸುಪಾಸಿನಲ್ಲಿ ಇಬ್ಬರನ್ನೂ ಒಂದೇ ನಿಲುಗಡೆಯಲ್ಲಿ ಬದಲಿಸಿ. ಗಾಯಕ್ಕೆಂದು ಒಂದು ನಿಲುಗಡೆಯನ್ನು 80ರವರೆಗೆ ಉಳಿಸಿಕೊಳ್ಳಿ. ಗೋಲ್‌ಕೀಪರಿಗೆ ಒಂದು ಮಾತು: 2025ರ ಜುಲೈನಿಂದ ಬಂದ ನಿಯಮದಂತೆ ಕೈಯಲ್ಲಿ ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಮುನ್ನಡೆಯಲ್ಲಿದ್ದಾಗ ಸಮಯ ಕಳೆಯುವ ಹಳೆಯ ಅಭ್ಯಾಸ ಬಿಡಿಸಿ.

ಕೊನೆಯ ಅರ್ಧ ಗಂಟೆ ಓಡಲಾಗದ್ದಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ನಿಮ್ಮ ತಂಡ ಅದರಿಂದ ಹೊರಗಿರುತ್ತದೆ ಎಂದುಕೊಳ್ಳಲು ಕಾರಣವಿಲ್ಲ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ 30ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ದಾಸ್ತಾನು ಬರಿದಾಗುತ್ತಿದೆ ಎಂದರ್ಥ. ಆದ್ದರಿಂದ ಎರಡನ್ನೂ ನೋಡಬೇಕು, ಸೀಸನ್ನಿಗೆ ಹತ್ತು ಹನ್ನೆರಡು ವಾರ ಮೊದಲೇ, ಯಾಕೆಂದರೆ ಮಾತ್ರೆ ಕೊಟ್ಟರೂ ದಾಸ್ತಾನು ತುಂಬಲು ಅಷ್ಟು ಸಮಯ ಬೇಕು. ಮಾತ್ರೆ, ಪ್ರಮಾಣ ವೈದ್ಯರು ಹೇಳಿದಂತೆ. ಊಟದ ಜೊತೆ, ಊಟವಾದ ಕೂಡಲೇ ಕಾಫಿ ಟೀ ನಿಲ್ಲಿಸುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ: ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ, ನಿಂಬೆಹುಳಿ ಹತ್ತುವಂತೆ ಮಾಡುತ್ತದೆ.

ಎರಡನೇ ಕಾರಣ ತಿನ್ನುವುದು ಸಾಲದಿರುವುದು. ಪಂದ್ಯದ ಹಿಂದಿನ ದಿನ ಮತ್ತು ಪಂದ್ಯದ ದಿನ ದೇಹತೂಕದ ಪ್ರತಿ ಕೆ.ಜಿ.ಗೆ 6ರಿಂದ 8 ಗ್ರಾಂ ಪಿಷ್ಟ ಬೇಕು. 52 ಕೆ.ಜಿ.ಯ ಹುಡುಗಿಗೆ ಕನಿಷ್ಠ 312 ಗ್ರಾಂ. ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸಿಗುವುದು 28 ಗ್ರಾಂ. ಅನ್ನವೊಂದರಿಂದಲೇ ಆದರೆ ಒಂದು ಕೆ.ಜಿ.ಗೂ ಹೆಚ್ಚು ತಿನ್ನಬೇಕು, ಅದು ಎರಡು ಊಟದಲ್ಲಿ ಆಗುವ ಮಾತಲ್ಲ. ಇಡ್ಲಿ, ಅವಲಕ್ಕಿ, ಬಾಳೆಹಣ್ಣು, ಬೆಲ್ಲದ ಪಾನಕ ಎಂದು ದಿನಕ್ಕೆ ಐದಾರು ಸಲ ಹಂಚಿ. ಪಂದ್ಯಕ್ಕೆ ಮೂರು ಗಂಟೆ ಮೊದಲು ಎಣ್ಣೆ, ಖಾರ, ಕಾಳು ಕಡಿಮೆಯಿರುವ ಊಟ. ಪಂದ್ಯದ ಮೊದಲು ಮತ್ತು ನಂತರ ತೂಕ ನೋಡಿ, ಇಳಿದ ಪ್ರತಿ ಕೆ.ಜಿ.ಗೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂವರೆ ಲೀಟರ್ ನೀರು, ಸ್ವಲ್ಪ ಉಪ್ಪಿನೊಂದಿಗೆ.

ಮುಟ್ಟಿನ ದಿನಾಂಕಗಳನ್ನು ಪ್ರತಿಯೊಬ್ಬರೂ ಬರೆದಿಡಲಿ. ಆ ಪುಸ್ತಕ ಫಿಸಿಯೋ ಅಥವಾ ಮಹಿಳಾ ಸಿಬ್ಬಂದಿಯ ಬಳಿ ಮಾತ್ರ ಇರಲಿ, ಆಡಿಸುವ ಬಿಡುವ ತೀರ್ಮಾನಕ್ಕೆ ಅದನ್ನು ಬಳಸಬೇಡಿ. ಅದರ ಉಪಯೋಗ ಬೇರೆ: ಮೂರು ತಿಂಗಳು ಮುಟ್ಟು ನಿಂತಿದ್ದರೆ ಆಕೆ ಖರ್ಚು ಮಾಡುವಷ್ಟು ತಿನ್ನುತ್ತಿಲ್ಲದಿರಬಹುದು, ಮೂಳೆಯಲ್ಲಿ ಬಿರುಕು ಬರುವ ಅಪಾಯವಿದೆ, ಕೂಡಲೇ ವೈದ್ಯರ ಬಳಿ ಕಳಿಸಬೇಕು. "ತಾಲೀಮು ಚೆನ್ನಾಗಿದೆ, ಅದಕ್ಕೇ ನಿಂತಿದೆ" ಎಂಬ ಮಾತು ಇನ್ನೂ ಕೆಲವು ಮೈದಾನಗಳಲ್ಲಿ ಕೇಳಿಬರುತ್ತದೆ, ಅದು ತಪ್ಪು ಮಾತ್ರವಲ್ಲ, ಅಪಾಯಕಾರಿ. ಚಡ್ಡಿ ಗಾಢ ಬಣ್ಣದ್ದಿರಲಿ, ಕಿಟ್ ಬ್ಯಾಗಿನಲ್ಲಿ ಪ್ಯಾಡ್ ಸದಾ ಇರಲಿ.

ಪ್ರಯಾಣ: ಬೆಂಗಳೂರಿನಿಂದ ಕೋಲ್ಕತ್ತಾಗೆ ರೈಲಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಬೇಕು. ಪಂದ್ಯಕ್ಕೆ 48 ಗಂಟೆ ಮೊದಲು ತಲುಪುವಂತೆ ಟಿಕೆಟ್ ಮಾಡಿ, ಎಲ್ಲರಿಗೂ ಮಲಗುವ ಜಾಗ ಖಚಿತವಾಗಿರಲಿ. ವಿಮಾನಕ್ಕೆ ದುಡ್ಡು ಕೆಲವೇ ಸಲ ಹೊಂದುವುದಾದರೆ ಕೆಂಪು ಶಾಯಿಯ ದಿನಗಳಿಗೆ ಅದನ್ನು ಉಳಿಸಿ. ಮಧ್ಯಾಹ್ನದ ಪಂದ್ಯಗಳಿದ್ದರೆ ಹತ್ತು ಹದಿನಾಲ್ಕು ದಿನ ಅದೇ ಹೊತ್ತಿನ ಬಿಸಿಲಿನಲ್ಲಿ, ನಿಧಾನಕ್ಕೆ ಸಮಯ ಹೆಚ್ಚಿಸುತ್ತಾ ತಾಲೀಮು ಮಾಡಿಸಿ.

ಕಾಗದಪತ್ರಗಳನ್ನು ಒಬ್ಬರ ಹೊಣೆಗೆ ಕೊಡಿ. ಆಟಗಾರ್ತಿಯರ ನೋಂದಣಿ ನಡೆಯುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಹಳೆಯ ಕ್ಲಬ್ಬಿನಿಂದ ಬಿಡುಗಡೆ, ಹುಟ್ಟಿದ ದಿನಾಂಕದ ದಾಖಲೆ, ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಬೇಕು. ವಿದೇಶಿ ಆಟಗಾರ್ತಿಗೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಮತ್ತು ವೀಸಾ ಎರಡೂ ಬೇಕು. ವರ್ಗಾವಣೆ ಅವಧಿಯ ಕೊನೆಯ ವಾರಕ್ಕೆ ಬಿಟ್ಟರೆ ಸಂಬಳ ಕೊಡುತ್ತಾ ಆಕೆಯನ್ನು ಗ್ಯಾಲರಿಯಲ್ಲಿ ಕೂರಿಸಬೇಕಾಗುತ್ತದೆ. ಹಳದಿ ಕಾರ್ಡುಗಳ ಪಟ್ಟಿಯನ್ನು ನೀವೇ ಇಟ್ಟುಕೊಳ್ಳಿ. ಅಮಾನತಿನಲ್ಲಿರುವವಳನ್ನು ಆಡಿಸಿದರೆ ಗೆದ್ದ ಪಂದ್ಯವನ್ನೂ 0-3 ಸೋಲೆಂದು ಘೋಷಿಸಬಹುದು.

ಕೊನೆಯದಾಗಿ ಒಪ್ಪಂದ. 2023ರಲ್ಲಿ ಎಐಎಫ್‌ಎಫ್ ಮುಖ್ಯ ಲೀಗ್‌ನ ಕ್ಲಬ್ಬುಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಏರುವ ಆಸೆ ಇದ್ದರೆ ಆ ಲೆಕ್ಕವನ್ನು ಈಗಲೇ ಬಜೆಟ್ಟಿನಲ್ಲಿ ಬರೆಯಿರಿ. ನೀವು ಕೊಡುವ ಮೊತ್ತ ಅದಕ್ಕಿಂತ ಚಿಕ್ಕದಿದ್ದರೂ ಎರಡು ಸಾಲು ತಪ್ಪಬಾರದು. ಒಪ್ಪಂದದ ಅವಧಿ ತಯಾರಿಯ ಮೊದಲ ದಿನದಿಂದ ಶುರುವಾಗಲಿ, ಮೊದಲ ಪಂದ್ಯದಿಂದಲ್ಲ. ಆಟದಲ್ಲಿ ಆದ ಗಾಯದ ಚಿಕಿತ್ಸೆ ಮತ್ತು ಪುನಶ್ಚೇತನವನ್ನು, ಒಪ್ಪಂದ ಮುಗಿದ ಮೇಲೂ, ವೈದ್ಯರು ಆಡಬಹುದು ಎನ್ನುವವರೆಗೆ ಕ್ಲಬ್ ನೋಡಿಕೊಳ್ಳಲಿ. ನಾಲ್ಕು ತಿಂಗಳ ಒಪ್ಪಂದದ ಮೂರನೇ ತಿಂಗಳಲ್ಲಿ ಎಸಿಎಲ್ ಹರಿದರೆ ಮುಂದಿನ ಎಂಟು ತಿಂಗಳು ಆ ಹುಡುಗಿಗೆ ಯಾರೂ ಇರುವುದಿಲ್ಲ. ಇಡೀ ತಂಡಕ್ಕೆ ಗುಂಪು ವಿಮೆ ಮಾಡಿಸಿ, ಸಹಿ ಹಾಕುವ ಮೊದಲು ಅದರಲ್ಲಿ ಕ್ರೀಡಾ ಗಾಯ, ಮಂಡಿ ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ ಈ ಮೂರೂ ಸೇರಿವೆಯೇ ಎಂದು ಪಾಲಿಸಿಯ ಹೊರಗಿಡುವಿಕೆಗಳ ಪುಟವನ್ನು ಪೂರ್ತಿ ಓದಿ.